ಮಡಿಯ ಗೆರೆಯಾಚೆಗೆ ನಡೆದ ಗೃಹಿಣಿ: ನಾಸಿಕದ ಲಕ್ಷ್ಮೀಬಾಯಿ ತಿಲಕ್

ಮುಂಬಯಿ, ಪುಣೆಗಳಲ್ಲಿ ನೆಲೆ ನಿಂತ ಕನ್ನಡ ಕುಟುಂಬಗಳಿಗೆ ನಾಸಿಕದ ಯಾತ್ರೆ ಹೊಸತೇನಲ್ಲ. ಊರಿನಿಂದ ತಂದೆತಾಯಿ ಬಂದರೆಂದರೆ ಮೊದಲು ಪಂಚವಟಿ, ಅಲ್ಲಿಂದ ತ್ರ್ಯಂಬಕೇಶ್ವರ, ಹಾದಿಯಲ್ಲಿ ಶಿರಡಿ, ಮುಂದೆ ವೇರೂಳದ ಘೃಷ್ಣೇಶ್ವರ ಮತ್ತು ಕೈಲಾಸ ದೇವಾಲಯ. ಎರಡು ಜ್ಯೋತಿರ್ಲಿಂಗಗಳ ದರ್ಶನ ಮುಗಿಸಿ ಹಿಂದಿರುಗಿದರೆ ಯಾತ್ರೆ ಸಾರ್ಥಕವಾಯಿತೆಂಬ ಸಮಾಧಾನ. ಆದರೆ ಈ ಹಾದಿಯಲ್ಲಿಯೇ ಹುಟ್ಟಿ ಬೆಳೆದ ಇಬ್ಬರು ಹೆಣ್ಣುಮಕ್ಕಳು ತಮ್ಮ ಸಂಸಾರದ ಕಥೆಯನ್ನು ತಾವೇ ಬರೆದಿಟ್ಟು ಹೋಗಿದ್ದಾರೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಒಬ್ಬರು ವೇರೂಳದ ಸಮೀಪದ ದೇವಗಾಂವದಲ್ಲಿ 17ನೆಯ ಶತಮಾನದಲ್ಲಿ ಜನಿಸಿದ ಸಂತ ಕವಯಿತ್ರಿ ಬಹಿಣಾಬಾಯಿ. ಇನ್ನೊಬ್ಬರು ನಾಸಿಕದ ಬಳಿ ಗೋದಾವರಿಯ ದಡದಲ್ಲಿರುವ ಜಲಾಲಪುರದಲ್ಲಿ 1868ರಲ್ಲಿ ಜನಿಸಿದ ಲಕ್ಷ್ಮೀಬಾಯಿ ತಿಲಕ್. ಮರಾಠಿಯ ಶ್ರೇಷ್ಠ ಆತ್ಮಚರಿತ್ರೆಗಳಲ್ಲಿ ಒಂದೆಂದು ಮನ್ನಣೆ ಪಡೆದ 'ಸ್ಮೃತಿಚಿತ್ರೆ'ಯ ಕರ್ತೃ ಇವರೇ. ಈ ಲೇಖನದಲ್ಲಿ ಅವರ ಬದುಕನ್ನು ಕನ್ನಡ ಓದುಗರಿಗೆ ಪರಿಚಯಿಸುವುದು ನಮ್ಮ ಉದ್ದೇಶ.

ಲಕ್ಷ್ಮೀಬಾಯಿಯವರನ್ನು ಬಂಡಾಯಗಾರ್ತಿ ಎಂದು ಕರೆಯುವುದು ಸುಲಭ. ಪತಿಯನ್ನು ಹಿಂಬಾಲಿಸಿದ ಸತಿ ಎಂದು ಕರೆಯುವುದು ಇನ್ನೂ ಸುಲಭ. ಅವರ ಬದುಕು ಈ ಎರಡು ಹೆಸರಿಗೂ ಹೊಂದುವುದಿಲ್ಲ. ಗಂಡನು ಹಿಡಿದ ದಾರಿಯನ್ನು ಅವನು ಹಿಡಿದನೆಂಬ ಕಾರಣಕ್ಕಾಗಿಯೇ ತಾವೂ ಹಿಡಿಯಲು ಅವರು ಒಪ್ಪಲಿಲ್ಲ. ಹಾಗೆಯೇ, ಬಂಧುಬಳಗ ಬೇಡವೆಂದಿತೆಂಬ ಕಾರಣಕ್ಕಾಗಿ ಆ ದಾರಿಯನ್ನು ಕೈಬಿಡಲೂ ಇಲ್ಲ. ತಮ್ಮ ಮನಸ್ಸು ಒಪ್ಪುವವರೆಗೆ ಕಾದರು, ಒಪ್ಪಿದ ಮೇಲೆ ಹಿಂದಿರುಗಿ ನೋಡಲಿಲ್ಲ. ಹೆಣ್ಣಿನ ಮನಸ್ಸಿಗೂ ಒಂದು ಒಪ್ಪಿಗೆ ಉಂಟೆಂದು ಯಾರೂ ಎಣಿಸದಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಮಡಿಯ ಮನೆ

ಲಕ್ಷ್ಮೀಬಾಯಿಯವರ ತವರಿನ ಹೆಸರು ಮನಕರ್ಣಿಕಾ ಗೋಖಲೆ. ಚಿತ್ಪಾವನ ಬ್ರಾಹ್ಮಣ ಮನೆತನ. ಆಕೆ ಹುಟ್ಟುವ ಮೊದಲೇ ಆ ಮನೆಯ ಮೇಲೆ ಒಂದು ಕರಿನೆರಳು ಬಿದ್ದಿತ್ತು. 1857ರ ದಂಗೆಯ ಕಾಲದಲ್ಲಿ ತ್ರ್ಯಂಬಕದ ಕಡೆ ನಡೆದ ಗಲಭೆಗೆ ಸಂಬಂಧಿಸಿದಂತೆ ಆಕೆಯ ತಾಯಿಯ ತಂದೆಯನ್ನು ಆಂಗ್ಲ ಸರ್ಕಾರ ಗಲ್ಲಿಗೇರಿಸಿತು. ಮಾವನಿಗೆ ಒದಗಿದ ಈ ಸಾವು ಅಳಿಯನ, ಎಂದರೆ ಮನಕರ್ಣಿಕೆಯ ತಂದೆಯ, ಮನಸ್ಸನ್ನು ವಿಚಿತ್ರ ರೀತಿಯಲ್ಲಿ ಕದಡಿತು. ಗಲ್ಲಿಗೆ ಹಾಕಿದವರ ಕೈ ತಾಗಿತಲ್ಲ ಎಂಬ ಕೊರಗು ಬೆಳೆದು ಲೋಕವೆಲ್ಲ ಮೈಲಿಗೆಯಾಗಿದೆ ಎಂಬ ಗೀಳಾಯಿತು. ಮನೆಗೆ ಬಂದ ಧಾನ್ಯ ಮಾತ್ರವಲ್ಲ, ಉಪ್ಪು ಸಕ್ಕರೆಗಳನ್ನೂ ತೊಳೆಯಬೇಕೆಂಬಷ್ಟು ಮಡಿ. ತೊಳೆದರೆ ಉಪ್ಪು ಎಲ್ಲಿ ಉಳಿದೀತು, ಸಕ್ಕರೆ ಎಲ್ಲಿ ಉಳಿದೀತು! ಆದರೂ ಮನೆಯವರಾರೂ ಎದುರು ಮಾತಾಡುವಂತಿರಲಿಲ್ಲ. ಒಬ್ಬ ಗಂಡಸಿನ ಮನೋವ್ಯಾಧಿ ಮನೆಯ ಹೆಂಗಸರ ಪಾಲಿಗೆ ದಿನನಿತ್ಯದ ದುಡಿಮೆಯಾಗಿ ಪರಿಣಮಿಸಿತು.

ಮಡಿ ಮೈಲಿಗೆಗಳ ಭಾರ ನಮ್ಮ ಕಡೆಯ ಹಳೆಯ ಮನೆಗಳಲ್ಲಿಯೂ ಹೆಚ್ಚಾಗಿ ಬೀಳುತ್ತಿದ್ದುದು ಹೆಂಗಸರ ಮೇಲೆಯೇ. ಒದ್ದೆ ಸೀರೆಯುಟ್ಟು ಬಾವಿಯಿಂದ ನೀರು ಸೇದಿ, ಒಲೆಯ ಮುಂದೆ ಕುಳಿತು, ಎಲ್ಲರೂ ಉಂಡ ಬಳಿಕ ಉಳಿದುದನ್ನುಂಡ ಅಜ್ಜಿಯರ ನೆನಪು ಇರುವವರಿಗೆ ಜಲಾಲಪುರದ ಆ ಮನೆಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಲಕ್ಷ್ಮೀಬಾಯಿಯವರ ಮುಂದಿನ ಬದುಕೆಲ್ಲ ಬಾಲ್ಯದಲ್ಲಿ ಕಂಡ ಈ ಮಡಿಯೊಂದಿಗೆ ನಡೆಸಿದ ದೀರ್ಘ ಹೋರಾಟ ಎಂದರೂ ತಪ್ಪಾಗದು. ವಿಶೇಷವೆಂದರೆ ಆ ಹೋರಾಟದಲ್ಲಿ ಅವರು ಬಹುಕಾಲ ಮಡಿಯ ಪಕ್ಷದಲ್ಲಿಯೇ ನಿಂತಿದ್ದರು.

ಹನ್ನೊಂದರ ಹರೆಯದಲ್ಲಿ ಮದುವೆ

ಸುಮಾರು ಹನ್ನೊಂದು ವರ್ಷದವಳಿದ್ದಾಗ ಮನಕರ್ಣಿಕೆಯ ವಿವಾಹ ನಾರಾಯಣ ವಾಮನ ತಿಲಕರೊಂದಿಗೆ ನೆರವೇರಿತು. ವರನಿಗೆ ಆಗ ಹದಿನೆಂಟರ ಆಸುಪಾಸು. ಮದುವೆಯ ದಿನ ತಟ್ಟೆಯ ಅಕ್ಕಿಯ ಮೇಲೆ ವಧುವಿನ ಹೊಸ ಹೆಸರು ಬರೆಯುವ ಮಹಾರಾಷ್ಟ್ರದ ಪದ್ಧತಿ ನಮಗೆಲ್ಲ ತಿಳಿದದ್ದೇ. ಮನಕರ್ಣಿಕೆ ಹೀಗೆ ಲಕ್ಷ್ಮಿಯಾದಳು. ಬಾಲ್ಯದ ಹೆಸರು ತವರಿನಲ್ಲಿ ಉಳಿಯಿತು.

ತಿಲಕರು ಕೊಂಕಣದ ಕರಜಗಾಂವದಲ್ಲಿ 1861ರಲ್ಲಿ ಹುಟ್ಟಿದವರು. ಎಳೆವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡು, ಉಗ್ರ ಸ್ವಭಾವದ ತಂದೆಯ ಮನೆ ಬಿಟ್ಟು, ನಾಸಿಕಕ್ಕೆ ಬಂದು ಸಂಸ್ಕೃತ ಕಲಿತರು. ಅಪಾರ ಪ್ರತಿಭೆ, ಮೃದು ಹೃದಯ, ಆದರೆ ಒಂದೆಡೆ ನಿಲ್ಲದ ಕಾಲು. ಇಂದು ಈ ಊರಿನಲ್ಲಿ ಶಿಕ್ಷಕ, ನಾಳೆ ಇನ್ನೊಂದು ಊರಿನಲ್ಲಿ ಪುರಾಣ ಪ್ರವಚನಕಾರ, ಅನಂತರ ನಾಗಪುರದಲ್ಲಿ ಪತ್ರಿಕಾ ಸಂಪಾದಕ. ಮನೆಯಲ್ಲಿ ಹೇಳದೆ ಕೇಳದೆ ಹೊರಟುಬಿಡುವುದು ಅವರಿಗೆ ಸಹಜ. ಕೈಗೆ ಬಂದ ಹಣ ಸಂಜೆಯವರೆಗೆ ಉಳಿದರೆ ಹೆಚ್ಚು. ದಾರಿಯಲ್ಲಿ ಬಡವನೊಬ್ಬ ಕಂಡರೆ ಮನೆಯ ಅಕ್ಕಿಬೇಳೆಯ ದುಡ್ಡು ಅವನ ಪಾಲು. ಇಂಥ ಗಂಡನ ಹೆಂಡತಿಯಾಗಿ ಲಕ್ಷ್ಮೀಬಾಯಿ ಮೊದಲು ಮಾವನ ಸಿಟ್ಟನ್ನು, ಮುಂದೆ ಬಂಧುಗಳ ಮನೆಯ ಹಂಗನ್ನು, ಜೊತೆಗೆ ಎಳೆಯ ಮಕ್ಕಳ ಸಾವಿನ ದುಃಖವನ್ನು ಅನುಭವಿಸಿದರು. 1891ರಲ್ಲಿ ಹುಟ್ಟಿದ ಮಗ ದೇವದತ್ತ, ಮನೆಯವರ ಪಾಲಿನ ದತ್ತು, ಅವರ ಪಾಲಿಗೆ ಉಳಿದ ಆಸರೆಯಾದನು.

ಆಕೆ ಶಾಲೆಗೆ ಹೋದವಳಲ್ಲ. ಅಕ್ಷರಾಭ್ಯಾಸ ಮಾಡಿಸಿದವರು ತಿಲಕರೇ. ಆದರೆ ಆ ಗುರುವಿಗೆ ತಾಳ್ಮೆ ಕಡಿಮೆ, ಶಿಷ್ಯೆಗೆ ಮನೆಗೆಲಸ ಹೆಚ್ಚು. ಹೀಗಾಗಿ ಓದುವುದು ಕೈಹತ್ತಿತಾದರೂ ಬರವಣಿಗೆಯಲ್ಲಿ ಸಂಯುಕ್ತಾಕ್ಷರಗಳು ಕೊನೆಯವರೆಗೂ ಅವರನ್ನು ಕಾಡಿದವು. ಒತ್ತಕ್ಷರವನ್ನು ಸರಿಯಾಗಿ ಬರೆಯಲು ತಿಣುಕುತ್ತಿದ್ದ ಈ ಗೃಹಿಣಿಯೇ ಮುಂದೆ ಮರಾಠಿ ಗದ್ಯಕ್ಕೆ ಹೊಸ ಕಳೆ ತಂದಳು ಎಂಬುದನ್ನು ನೆನೆದರೆ, ಭಾಷೆ ಪಾಠಶಾಲೆಗಿಂತ ಮೊದಲು ಅಡುಗೆಮನೆ ಹಿತ್ತಲುಗಳಲ್ಲಿ ಬೆಳೆಯುತ್ತದೆ ಎಂಬ ಮಾತು ಮನದಟ್ಟಾಗುತ್ತದೆ.

1895ರ ಆಘಾತ

1893ರ ಸುಮಾರಿಗೆ ನಾಗಪುರದಿಂದ ರಾಜನಾಂದಗಾಂವಕ್ಕೆ ರೈಲಿನಲ್ಲಿ ಹೋಗುತ್ತಿದ್ದ ತಿಲಕರಿಗೆ ಸಹಪ್ರಯಾಣಿಕನೊಬ್ಬ ಬೈಬಲ್ಲಿನ ಪ್ರತಿಯೊಂದನ್ನು ಕೊಟ್ಟನು. ಜಾತಿಭೇದವಿಲ್ಲದ ಧರ್ಮವೊಂದನ್ನು ತಾವೇ ಕಟ್ಟಬೇಕೆಂದು ಹಂಬಲಿಸುತ್ತಿದ್ದ ತಿಲಕರ ಮನಸ್ಸನ್ನು ಆ ಗ್ರಂಥ ಸೆಳೆಯಿತು. ಎರಡು ವರ್ಷ ಒಳಗೊಳಗೇ ತೊಳಲಾಡಿ, 1895ರ ಫೆಬ್ರವರಿ 10ರಂದು ಮುಂಬಯಿಯಲ್ಲಿ ಅವರು ಕ್ರೈಸ್ತ ದೀಕ್ಷೆ ಪಡೆದರು. ಆಗ ಲಕ್ಷ್ಮೀಬಾಯಿ ಎಳೆಯ ಮಗನೊಂದಿಗೆ ಬಂಧುಗಳ ಆಸರೆಯಲ್ಲಿದ್ದರು.

ಆ ಕಾಲದ ಬ್ರಾಹ್ಮಣ ಕುಟುಂಬವೊಂದಕ್ಕೆ ಇದು ಸಾವಿನ ಸುದ್ದಿಗಿಂತ ಕ್ರೂರವಾದದ್ದು. ಸತ್ತವನಿಗೆ ಶ್ರಾದ್ಧವುಂಟು, ಮತಾಂತರಗೊಂಡವನಿಗೆ ಅದೂ ಇಲ್ಲ. ಅವನ ಹೆಂಡತಿ ಮುತ್ತೈದೆಯೋ ವಿಧವೆಯೋ ಎಂಬುದನ್ನು ಯಾವ ಶಾಸ್ತ್ರವೂ ಸ್ಪಷ್ಟವಾಗಿ ಹೇಳಲಾರದು. ಇಪ್ಪತ್ತಾರು ವರ್ಷದ ಲಕ್ಷ್ಮೀಬಾಯಿ ದುಃಖದಿಂದ ಹುಚ್ಚಿಯಂತಾದರು. ಅವರು ಜೀವಕ್ಕೆ ಅಪಾಯ ಮಾಡಿಕೊಂಡಾರೆಂದು ಮನೆಯವರು ಕಾವಲು ಕಾಯಬೇಕಾಯಿತು.

ಆಕೆಯ ಮುಂದೆ ಆಗ ಎರಡು ದಾರಿಗಳನ್ನು ಲೋಕ ತೆರೆದಿಟ್ಟಿತ್ತು. ಪತಿಯೇ ದೇವರೆಂಬ ಪಾಠವನ್ನು ಅಕ್ಷರಶಃ ನಂಬುವುದಾದರೆ ಅವನು ಹೋದ ಧರ್ಮಕ್ಕೆ ಹೋಗಬೇಕು. ಕುಲವೇ ದೊಡ್ಡದೆಂಬ ಪಾಠವನ್ನು ನಂಬುವುದಾದರೆ ಅವನು ಸತ್ತನೆಂದು ಭಾವಿಸಬೇಕು. ಬಾಲ್ಯದಿಂದ ಹೆಣ್ಣಿಗೆ ಒಟ್ಟಿಗೇ ಕಲಿಸುತ್ತಿದ್ದ ಈ ಎರಡು ಪಾಠಗಳು ಒಂದಕ್ಕೊಂದು ಎದುರಾಗಿ ನಿಲ್ಲುವ ದಿನ ಬಂದೀತೆಂದು ಪಾಠ ಹೇಳಿದವರು ಯೋಚಿಸಿರಲಿಲ್ಲ. ಲಕ್ಷ್ಮೀಬಾಯಿ ಎರಡನ್ನೂ ಒಪ್ಪಲಿಲ್ಲ. ಗಂಡನ ಮೇಲಿನ ಪ್ರೀತಿಯನ್ನು ಬಿಡಲಿಲ್ಲ, ತಮ್ಮ ಆಚಾರವನ್ನೂ ಬಿಡಲಿಲ್ಲ. ಮಗನೊಡನೆ ಬೇರೆಯಾಗಿ ಉಳಿದರು. ಆ ವರ್ಷಗಳಲ್ಲಿ ಒಂದಷ್ಟು ಕಾಲವನ್ನು ಅವರು ಕಳೆದದ್ದು ಕನ್ನಡಿಗರಿಗೂ ಆಪ್ತವಾದ ವಿಠ್ಠಲನ ಪಂಢರಪುರದಲ್ಲಿ.

ಅಂದಿನ ಕಾನೂನು ಮತ್ತು ಹೆಣ್ಣು

ಈ ವಿಯೋಗದ ಸುತ್ತಲಿನ ಕಾಲವನ್ನು ಸ್ವಲ್ಪ ಗಮನಿಸಬೇಕು. 1884ರಲ್ಲಿ ಮುಂಬಯಿಯಲ್ಲಿ ದಾದಾಜಿ ಭಿಕಾಜಿ ಎಂಬವರು ತಮ್ಮ ಪತ್ನಿ ರಖಮಾಬಾಯಿ ಸಂಸಾರಕ್ಕೆ ಬರಬೇಕೆಂದು ನ್ಯಾಯಾಲಯದ ಮೊರೆಹೊಕ್ಕಿದ್ದರು. ತಿಳಿವಳಿಕೆ ಬರುವ ಮೊದಲು ಆದ ಮದುವೆಗೆ ತಾನು ಬದ್ಧಳಲ್ಲ ಎಂದು ರಖಮಾಬಾಯಿ ಪಟ್ಟು ಹಿಡಿದರು. 1887ರಲ್ಲಿ ನ್ಯಾಯಾಲಯವು ಗಂಡನ ಮನೆಗೆ ಹೋಗಬೇಕು, ಇಲ್ಲವೇ ಆರು ತಿಂಗಳ ಸೆರೆವಾಸ ಅನುಭವಿಸಬೇಕು ಎಂದಾಗ ಸೆರೆಮನೆಯೇ ಆಗಲಿ ಎಂದರು. 1888ರಲ್ಲಿ ರಾಜಿಯಾಗಿ ವ್ಯಾಜ್ಯ ಮುಗಿಯಿತು. ಅವರು ಮುಂದೆ ಲಂಡನ್ನಿನಲ್ಲಿ ವೈದ್ಯಶಾಸ್ತ್ರ ಓದಿ ವೈದ್ಯೆಯಾದರು. 1891ರಲ್ಲಿ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸುವ ಕಾನೂನು ಬಂದಾಗ ಮಹಾರಾಷ್ಟ್ರವೆಲ್ಲ ಎರಡು ಬಣವಾಗಿ ಕಾದಾಡಿತು.

ಮತಾಂತರಗೊಂಡವರ ವಿವಾಹಕ್ಕೂ ಪ್ರತ್ಯೇಕ ಕಾನೂನೊಂದಿತ್ತು. 1866ರ ಆ ಕಾಯಿದೆಯ ಪ್ರಕಾರ, ಕ್ರೈಸ್ತನಾದವನ ಸಂಗಾತಿ ಧರ್ಮದ ಕಾರಣದಿಂದ ಅವನೊಡನೆ ಬಾಳಲು ನಿರಾಕರಿಸಿದರೆ ಅವನು ನ್ಯಾಯಾಲಯಕ್ಕೆ ಹೋಗಬಹುದಿತ್ತು. ನ್ಯಾಯಾಧೀಶರು ಸಂಗಾತಿಯ ಮನಸ್ಸನ್ನು ವಿಚಾರಿಸಿ, ಒಂದು ವರ್ಷ ಅವಧಿ ಕೊಟ್ಟು, ಆಮೇಲೂ ನಿರಾಕರಣೆ ಮುಂದುವರಿದರೆ ವಿವಾಹವನ್ನು ರದ್ದುಗೊಳಿಸಬಹುದಿತ್ತು. ತಿಲಕರಿಗೂ ಈ ಬಾಗಿಲು ತೆರೆದಿತ್ತು. ಅವರು ಅದನ್ನು ತಟ್ಟಲಿಲ್ಲ. ಪತ್ರ ಬರೆದರು, ಕವಿತೆ ಬರೆದರು, ಕಾದರು. ಹೆಂಡತಿಯ ಒಪ್ಪಿಗೆಗಾಗಿ ಸುಮಾರು ಐದು ವರ್ಷ ಕಾದ ಗಂಡನೆಂಬುದೂ ಆ ಕಾಲಕ್ಕೆ ಅಪರೂಪವೇ. ಮಾಡಿದ ತಪ್ಪುಗಳ ಜೊತೆಗೆ ತಿಲಕರ ಈ ಗುಣವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಮ್ಮ ಮಂಗಳೂರಿನಲ್ಲಿಯೂ ಇದಕ್ಕಿಂತ ಅರ್ಧ ಶತಮಾನ ಮೊದಲು ಇಂಥದೇ ಘಟನೆಯೊಂದು ನಡೆದಿತ್ತು. ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯರು 1844ರಲ್ಲಿ ಬಾಸೆಲ್ ಮಿಷನ್ನಿನ ಮೂಲಕ ಕ್ರೈಸ್ತರಾದರು. ಅವರ ಮೊದಲ ಪತ್ನಿ ಅವರೊಡನೆ ಬಂದು ಬಾಳಲಿಲ್ಲ. ಕೌಂಡಿನ್ಯರು 1860ರಲ್ಲಿ ಜರ್ಮನಿಯ ಮೇರಿ ರೈನ್‌ಹಾರ್ಟ್ ಎಂಬವರನ್ನು ವಿವಾಹವಾದರು. ಅವರ ಹೆಸರು ಕೊಡಗಿನ ಆನಂದಪುರದಲ್ಲಿ ಇಂದಿಗೂ ಉಳಿದಿದೆ. ಆದರೆ ಹಿಂದೆ ಉಳಿದ ಆ ಹೆಣ್ಣುಮಗಳು ಏನನ್ನು ಅನುಭವಿಸಿದಳು, ಏನನ್ನು ಬಯಸಿದಳು ಎಂಬುದನ್ನು ಅವಳ ಬಾಯಿಂದಲೇ ಹೇಳುವ ಪುಸ್ತಕ ಕನ್ನಡಕ್ಕೆ ದೊರೆಯಲಿಲ್ಲ. ಮರಾಠಿಗೆ ದೊರೆಯಿತು. ಲಕ್ಷ್ಮೀಬಾಯಿಯವರ ಮಹತ್ವ ಇಲ್ಲಿಯೇ ಇದೆ.

ಮೊದಲು ಜಾತಿ, ಆಮೇಲೆ ಮತ

ಮಗನ ಅನಾರೋಗ್ಯವೂ ಪತಿಯ ಹಂಬಲವೂ ಸೇರಿ ಕೊನೆಗೆ ಲಕ್ಷ್ಮೀಬಾಯಿಯವರನ್ನು ಅಹಮದ್‌ನಗರದ ಕಡೆಗೆ ಕರೆತಂದವು. (ಈ ನಗರಕ್ಕೆ ಈಗ ಅಹಿಲ್ಯಾನಗರವೆಂದು ಹೆಸರು.) ತಿಲಕರು ಅಲ್ಲಿ ಅಮೆರಿಕನ್ ಮಿಷನ್ನಿನ ಶಿಕ್ಷಕರಾಗಿದ್ದರು. ಬಂದರೂ ಲಕ್ಷ್ಮೀಬಾಯಿ ಷರತ್ತಿನ ಮೇಲೆಯೇ ಬಂದರು. ಆರಂಭದಲ್ಲಿ ಬೇರೆ ವಾಸ, ಬೇರೆ ಒಲೆ, ಬೇರೆ ನೀರು. ಗಂಡನ ಊರಿನಲ್ಲಿದ್ದೂ ಗಂಡನ ಪಂಕ್ತಿಯಲ್ಲಿ ಕೂರದ ಗೃಹಿಣಿಯನ್ನು ಕಂಡು ಎರಡು ಸಮಾಜಗಳೂ ಬೆರಗಾಗಿರಬೇಕು.

ಮುಂದೆ ರಾಹುರಿಯಲ್ಲಿ ಸಂಸಾರ ಒಂದಾಯಿತು. ಹೊರಗಿನ ಒತ್ತಾಯಕ್ಕೆ ಜಗ್ಗದ ಮನಸ್ಸು ಅಲ್ಲಿ ಒಳಗಿನಿಂದ ಕರಗತೊಡಗಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅವರು ಮೊದಲು ಬಿಟ್ಟದ್ದು ಹಳೆಯ ಮತವನ್ನಲ್ಲ, ಜಾತಿಯನ್ನು. ಮೇಲುಕೀಳುಗಳನ್ನು ದೇವರು ಮಾಡಿದ್ದಲ್ಲ, ಮನುಷ್ಯ ಮಾಡಿಕೊಂಡದ್ದು ಎಂಬುದು ಒಂದು ದಿನ ಅವರಿಗೆ ಸ್ವತಃ ಹೊಳೆಯಿತು. ಹೊಳೆದ ಮೇಲೆ ತಡಮಾಡಲಿಲ್ಲ. ಎಲ್ಲರ ಕೈಯ ನೀರು, ಎಲ್ಲರ ಕೈಯ ಅನ್ನ ಅವರಿಗೆ ಒಂದೇ ಆಯಿತು. ಉಪ್ಪನ್ನೂ ತೊಳೆಯುವ ಮನೆಯಲ್ಲಿ ಬೆಳೆದವರಿಗೆ ಇದು ಎಷ್ಟು ದೊಡ್ಡ ಹೆಜ್ಜೆಯೆಂಬುದನ್ನು ವಿವರಿಸಬೇಕಾಗಿಲ್ಲ. ಮತದ ಪ್ರಶ್ನೆ ಅನಂತರ ಬಂದಿತು. 1900ರಲ್ಲಿ ಅವರು ತಾವಾಗಿಯೇ ದೀಕ್ಷೆ ಪಡೆದರು.

ಅವರ ಮತಾಂತರವನ್ನು ಒಪ್ಪುವುದು ಬಿಡುವುದು ಓದುಗರ ವೈಯಕ್ತಿಕ ವಿಚಾರ. ಆ ಚರ್ಚೆ ಇಲ್ಲಿ ನಮ್ಮ ವಿಷಯವಲ್ಲ. ಯಾವ ಮನೆಯಲ್ಲಿಯೇ ಆಗಲಿ, ಗಂಡನ ನಿರ್ಧಾರ ಹೆಂಡತಿಯ ನಿರ್ಧಾರವೂ ಹೌದೆಂದು ತಾನಾಗಿಯೇ ಎಣಿಸುವುದು ಸರಿಯೇ ಎಂಬ ಪ್ರಶ್ನೆಯನ್ನು ಆಕೆಯ ಬದುಕು ಎತ್ತುತ್ತದೆ. ಮತಕ್ಕೆ ಮಾತ್ರವಲ್ಲ, ಊರು ಬದಲಿಸುವುದಕ್ಕೆ, ಉದ್ಯೋಗ ಬಿಡುವುದಕ್ಕೆ, ಮಕ್ಕಳ ಭವಿಷ್ಯಕ್ಕೆ ಸಂಬಂಧಿಸಿದ ನಿರ್ಧಾರಗಳಿಗೂ ಆ ಪ್ರಶ್ನೆ ಅನ್ವಯಿಸುತ್ತದೆ.

ಹಿಗ್ಗಿದ ಮನೆ

1899-1900ರ ಭೀಕರ ಬರಗಾಲ ಪಶ್ಚಿಮ ಭಾರತವನ್ನು ಹಿಂಡಿತು. ಅನಾಥರಾದ ಮಕ್ಕಳಿಗೆ ತಿಲಕ ದಂಪತಿಗಳ ಮನೆ ಆಶ್ರಯವಾಯಿತು. ತಿಲಕರು ಮಕ್ಕಳನ್ನು ಕರೆತರುವರು; ಅವರ ಹೊಟ್ಟೆ ತುಂಬಿಸುವ ಹೊಣೆ ಲಕ್ಷ್ಮೀಬಾಯಿಯವರದು. ಸಂಬಳ ಅಲ್ಪ, ಪಂಕ್ತಿ ಉದ್ದ. ಔದಾರ್ಯದ ಕೀರ್ತಿ ಗಂಡಸಿಗೆ, ಅದರ ಲೆಕ್ಕಾಚಾರ ಹೆಂಗಸಿಗೆ ಎಂಬುದು ನಮ್ಮ ಅನೇಕ ದೊಡ್ಡ ಮನೆಗಳ ಚರಿತ್ರೆ. ಲಕ್ಷ್ಮೀಬಾಯಿಯವರು ಈ ಲೆಕ್ಕಾಚಾರವನ್ನೂ ಮರೆಮಾಚದೆ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಸಿಟ್ಟು ಮಾಡಿದ್ದು, ಜಗಳವಾಡಿದ್ದು, ಮಾತು ಬಿಟ್ಟದ್ದು, ಮತ್ತೆ ನಕ್ಕು ಒಂದಾದದ್ದು ಎಲ್ಲವೂ ಅಲ್ಲಿದೆ.

ಮರಾಠಿಯ ಪ್ರಸಿದ್ಧ ಪ್ರಕೃತಿಕವಿ, 'ಬಾಲಕವಿ' ಎಂದೇ ಹೆಸರಾದ ತ್ರ್ಯಂಬಕ ಬಾಪೂಜಿ ಠೋಂಬರೆ ಈ ಮನೆಯಲ್ಲಿ ಮಗನಂತೆ ಕೆಲಕಾಲ ಇದ್ದರು. ಬ್ರಾಹ್ಮಣ ತರುಣ, ಕ್ರೈಸ್ತ ಮನೆ. ಆದರೂ ಲಕ್ಷ್ಮೀಬಾಯಿಯವರ ವಾತ್ಸಲ್ಯಕ್ಕೆ ಅದು ಅಡ್ಡಿಯಾಗಲಿಲ್ಲ. 1918ರಲ್ಲಿ, ಇಪ್ಪತ್ತೆಂಟು ತುಂಬುವ ಮೊದಲೇ, ಬಾಲಕವಿ ರೈಲು ಅಪಘಾತದಲ್ಲಿ ತೀರಿಕೊಂಡರು. ಹೂವುಗಳ ಮತ್ತು ಮಕ್ಕಳ ಕವಿಯೆಂದು ಮಹಾರಾಷ್ಟ್ರ ಮೆಚ್ಚಿದ ತಿಲಕರ ಸುತ್ತ ಬೆಳೆದ ಸಾಹಿತ್ಯ ಬಳಗಕ್ಕೆ ಅನ್ನವಿಕ್ಕಿದ ಕೈಯೇ ಮೆಲ್ಲಮೆಲ್ಲನೆ ಕವಿತೆ ಬರೆಯಲೂ ತೊಡಗಿತು. ಅವರ ಕವಿತೆಗಳು 'ಭರಲೀ ಘಾಗರ' ಎಂಬ ಸಂಕಲನವಾಗಿ ಬಂದಿವೆ. ತುಂಬಿದ ಕೊಡ ಎಂದು ಅದರ ಅರ್ಥ.

1917ರಲ್ಲಿ ತಿಲಕರು ಮತ್ತೊಮ್ಮೆ ಹೊಸ ದಾರಿ ಹಿಡಿದರು. ಮಿಷನ್ನಿನ ಸಂಬಳವನ್ನು ತ್ಯಜಿಸಿ, ಕಾವಿ ಧರಿಸಿ, ಸಾತಾರಾದಲ್ಲಿ 'ದೇವರ ದರ್ಬಾರು' ಎಂಬ ಕೂಟವನ್ನು ಆರಂಭಿಸಿದರು. ಗಂಡ ಸಂನ್ಯಾಸಿಯಾದರೆ ಸಂಸಾರದ ಗತಿಯೇನೆಂಬ ಹಳೆಯ ಆತಂಕ ಮತ್ತೆ ಎದುರಾಯಿತು. ಈ ಸಲ ಲಕ್ಷ್ಮೀಬಾಯಿಯವರು ಕುಸಿಯಲಿಲ್ಲ. 1919ರ ಮೇ 9ರಂದು ಮುಂಬಯಿಯಲ್ಲಿ ತಿಲಕರು ನಿಧನರಾದರು.

ವೈಧವ್ಯದಲ್ಲಿ ಅರಳಿದ ಲೇಖನಿ

ಐವತ್ತು ದಾಟಿದ ವಿಧವೆಯೆಂದರೆ ಮಗನ ಮನೆಯ ಮೂಲೆಯಲ್ಲಿ ಜಪಮಾಲೆ ಹಿಡಿದು ಕೂರಬೇಕೆಂದು ಲೋಕ ಬಯಸುತ್ತಿದ್ದ ಕಾಲವದು. ಲಕ್ಷ್ಮೀಬಾಯಿಯವರು ಮುಂಬಯಿಯಲ್ಲಿ ಹೆಣ್ಣುಮಕ್ಕಳ ವಸತಿನಿಲಯವೊಂದರ ಮೇಲ್ವಿಚಾರಕಿಯಾಗಿ ದುಡಿದರು. ಮಗನ ಕುಟುಂಬದೊಡನೆ ಕರಾಚಿಯಲ್ಲಿ ನೆಲೆಸಿದರು. ಜನರ ಮುಂದೆ ನಿಂತು ಕೀರ್ತನೆ ಮಾಡಿದರು. ಯೇಸುವಿನ ಜೀವನವನ್ನು ಕುರಿತು ತಿಲಕರು ಆರಂಭಿಸಿ ಅರ್ಧದಲ್ಲಿ ಬಿಟ್ಟಿದ್ದ 'ಖ್ರಿಸ್ತಾಯನ' ಎಂಬ ಮಹಾಕಾವ್ಯಕ್ಕೆ 64 ಅಧ್ಯಾಯಗಳನ್ನು ಬರೆದು ಸೇರಿಸಿದರು. ಗಂಡ ಬರೆದದ್ದು ಹತ್ತು ಹನ್ನೊಂದು ಅಧ್ಯಾಯ, ಹೆಂಡತಿ ಬರೆದದ್ದು ಅದರ ಆರು ಪಟ್ಟು!

ತಂದೆಯ ಚರಿತ್ರೆಯನ್ನು ಬರೆಯಬೇಕೆಂದಿದ್ದ ದೇವದತ್ತರು ತಾಯಿಯ ನೆನಪುಗಳನ್ನು ಬರೆದುಕೊಡುವಂತೆ ಕೇಳಿಕೊಂಡರು. ತಾಯಿ ಬರೆಯಲಾರಂಭಿಸಿದರು. ಬರೆಯುತ್ತ ಹೋದಂತೆ ಅದು ತಿಲಕರ ಚರಿತ್ರೆಯಾಗಿ ಉಳಿಯದೆ ಲಕ್ಷ್ಮೀಬಾಯಿಯವರ ಚರಿತ್ರೆಯಾಯಿತು. 'ಸ್ಮೃತಿಚಿತ್ರೆ'ಯ ನಾಲ್ಕು ಭಾಗಗಳು 1934ರಿಂದ ಮುಂದೆ ಪ್ರಕಟವಾದವು. ಓದುಗರು ಮುಗಿಬಿದ್ದು ಓದಿದರು. ಸಂಸ್ಕೃತಭೂಯಿಷ್ಠವಾದ ಗದ್ಯಕ್ಕೆ ಒಗ್ಗಿಹೋಗಿದ್ದವರಿಗೆ ನಾಸಿಕದ ಅಡುಗೆಮನೆಯ ಮರಾಠಿ ಹೊಸ ರುಚಿ ತೋರಿಸಿತು.

ಅದಕ್ಕಿಂತಲೂ ಹೊಸದಾದುದು ಅದರ ಧೈರ್ಯ. 1910ರಲ್ಲಿ ಪ್ರಕಟವಾದ ರಮಾಬಾಯಿ ರಾನಡೆಯವರ ಸ್ಮರಣೆಗಳಲ್ಲಿ ಪತಿ ಮಹಾದೇವ ಗೋವಿಂದ ರಾನಡೆಯವರು ಗುರುವಾಗಿ, ಪೂಜ್ಯರಾಗಿ ಕಾಣಿಸಿಕೊಳ್ಳುತ್ತಾರೆ. ಲಕ್ಷ್ಮೀಬಾಯಿಯವರ ತಿಲಕರಾದರೋ ಮಹಾನುಭಾವರೂ ಹೌದು, ಮುಂಗೋಪಿಯೂ ಹೌದು, ಕೆಲವೊಮ್ಮೆ ದೊಡ್ಡ ಮಗುವೂ ಹೌದು. ಪತಿಯನ್ನು ನಗುತ್ತ ಟೀಕಿಸುವ, ಟೀಕಿಸುತ್ತಲೇ ಪ್ರೀತಿಸುವ ಪತ್ನಿಯ ದನಿ ಅಲ್ಲಿಯವರೆಗೆ ಅಚ್ಚಿನಲ್ಲಿ ಅಪರೂಪವಾಗಿತ್ತು. ತಮ್ಮ ಹಟಮಾರಿತನವನ್ನು, ತಮ್ಮ ಜಾತಿಯ ಅಹಂಕಾರವನ್ನು ಕೂಡ ಅವರು ಅದೇ ನಗುವಿನಿಂದ ಬಯಲಿಗಿಟ್ಟಿದ್ದಾರೆ. ಗಂಡನ ಮಾನವನ್ನು ಕಾಪಾಡುವುದೆಂದರೆ ಸುಳ್ಳು ಹೇಳುವುದೆಂದು ಆಕೆ ತಿಳಿಯಲಿಲ್ಲ. ಪ್ರಾಯಶಃ ಆಕೆ ಮುರಿದ ಅತಿ ದೊಡ್ಡ ಕಟ್ಟುಪಾಡು ಇದೇ.

ಆ ಪುಸ್ತಕ ರೂಪುಗೊಂಡು ಬೆಳಕು ಕಂಡ ವರ್ಷಗಳಲ್ಲಿ ನಾಸಿಕ ನಗರವೇ ಕುದಿಯುತ್ತಿತ್ತು. 1930ರ ಮಾರ್ಚ್ 2ರಂದು ಡಾ. ಬಾಬಾಸಾಹೇಬ ಅಂಬೇಡ್ಕರರ ನೇತೃತ್ವದಲ್ಲಿ ಪಂಚವಟಿಯ ಕಾಳಾರಾಮ ಮಂದಿರದ ಪ್ರವೇಶಕ್ಕಾಗಿ ಸತ್ಯಾಗ್ರಹ ಆರಂಭವಾಗಿ ವರ್ಷಗಟ್ಟಲೆ ನಡೆಯಿತು. 1935ರ ಅಕ್ಟೋಬರಿನಲ್ಲಿ ನಾಸಿಕ ಜಿಲ್ಲೆಯ ಯೇವಲೆಯಲ್ಲಿಯೇ ಅಂಬೇಡ್ಕರರು ತಾವು ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿದರು. ಬೀದಿಯಲ್ಲಿ ನಡೆಯುತ್ತಿದ್ದ ಆ ವಾದವನ್ನು ಹಿಂದಿನ ತಲೆಮಾರಿನ ಗೃಹಿಣಿಯೊಬ್ಬಳು ತನ್ನ ಒಲೆಯ ಮುಂದೆ, ಯಾವ ಘೋಷಣೆಯೂ ಇಲ್ಲದೆ, ಬಗೆಹರಿಸಿಕೊಂಡಿದ್ದಳು ಎಂಬುದನ್ನು 'ಸ್ಮೃತಿಚಿತ್ರೆ' ತೋರಿಸಿಕೊಟ್ಟಿತು. 1936ರ ಫೆಬ್ರವರಿ 24ರಂದು ಲಕ್ಷ್ಮೀಬಾಯಿಯವರು ನಾಸಿಕದಲ್ಲಿ ಕೊನೆಯುಸಿರೆಳೆದರು. ಪುಸ್ತಕದ ಕೊನೆಯ ಭಾಗ ಅವರ ಮರಣಾನಂತರ ಹೊರಬಂದಿತು.

ಅದೇ ನದಿಯ ಸೀಮೆ, ಇನ್ನೊಂದು ದನಿ

ನಾಸಿಕದಿಂದ ಗೋದಾವರಿ ಪೂರ್ವಕ್ಕೆ ಹರಿದು ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣವನ್ನು ಮುಟ್ಟುತ್ತದೆ. ಆರಂಭದಲ್ಲಿ ಹೆಸರಿಸಿದ ಬಹಿಣಾಬಾಯಿ ಇದೇ ಜಿಲ್ಲೆಯವರು. 1628ರಲ್ಲಿ ಜನಿಸಿದ ಅವರನ್ನು ಎಳೆವಯಸ್ಸಿನಲ್ಲೇ ಮೂವತ್ತು ವರ್ಷದ ವಿಧುರನಿಗೆ ಕೊಟ್ಟು ಮದುವೆ ಮಾಡಿದ್ದರು. ಬ್ರಾಹ್ಮಣ ಗೃಹಿಣಿಯಾದ ಆಕೆ ಶೂದ್ರನೆನಿಸಿದ ತುಕಾರಾಮರನ್ನು ಗುರುವಾಗಿ ಸ್ವೀಕರಿಸಿದಾಗ ಗಂಡನು ಹೊಡೆದನು, ಬಡಿದನು. ಆಕೆ ಸಂಸಾರವನ್ನೂ ಬಿಡಲಿಲ್ಲ, ಗುರುವನ್ನೂ ಬಿಡಲಿಲ್ಲ. ಕೊನೆಗೆ ಮಣಿದವನು ಗಂಡನೇ. ತನ್ನ ಈ ಕಥೆಯನ್ನು ಆಕೆ ಅಭಂಗಗಳಲ್ಲಿ ಹೇಳಿಕೊಂಡಿದ್ದಾಳೆ. 1700ರಲ್ಲಿ ತೀರಿಕೊಂಡ ಆಕೆಯ ಸ್ಮಾರಕ ಇದೇ ಜಿಲ್ಲೆಯ ಶಿವೂರಿನಲ್ಲಿದೆ.

ನಮ್ಮ ಅಕ್ಕಮಹಾದೇವಿ ಮನೆಯ ಹೊಸ್ತಿಲು ದಾಟಿ ಕದಳಿಗೆ ನಡೆದಳು. ಮೈಸೂರಿನ ಅರಮನೆಯ ಸಂಚಿಯ ಹೊನ್ನಮ್ಮ ಹೊಸ್ತಿಲೊಳಗಿದ್ದುಕೊಂಡೇ 'ಹದಿಬದೆಯ ಧರ್ಮ'ದಲ್ಲಿ ಹೆಣ್ಣನ್ನು ಹಳಿಯುವವರನ್ನು ಪ್ರಶ್ನಿಸಿದಳು. ಬಾಲವಿಧವೆಯಾದ ನಂಜನಗೂಡು ತಿರುಮಲಾಂಬ 1913ರಲ್ಲಿ 'ಸತೀಹಿತೈಷಿಣಿ' ಗ್ರಂಥಮಾಲೆಯನ್ನು ಆರಂಭಿಸಿ ಹೆಣ್ಣುಮಕ್ಕಳ ಕೈಗೆ ಪುಸ್ತಕ ಕೊಟ್ಟರು. ಬಹಿಣಾಬಾಯಿ, ಲಕ್ಷ್ಮೀಬಾಯಿಯವರನ್ನು ಈ ಸಾಲಿನಲ್ಲಿಯೇ ಇಟ್ಟು ನೋಡಬೇಕು. ಹೊಸ್ತಿಲು ದಾಟಿದವರ ಕಥೆ ನಮಗೆ ಚೆನ್ನಾಗಿ ಗೊತ್ತು. ಹೊಸ್ತಿಲಲ್ಲಿಯೇ ನಿಂತು, ಒಳಗಿನ ನಿಯಮವನ್ನು ಬದಲಿಸಿದವರ ಕಥೆಗೆ ಇನ್ನಷ್ಟು ಗಮನ ಸಲ್ಲಬೇಕಾಗಿದೆ.

'ಸ್ಮೃತಿಚಿತ್ರೆ'ಯನ್ನು 1950ರಲ್ಲಿ ಜೋಸೆಫಿನ್ ಇಂಕ್‌ಸ್ಟರ್, 2017ರಲ್ಲಿ ಶಾಂತಾ ಗೋಖಲೆ ಆಂಗ್ಲ ಭಾಷೆಗೆ ತಂದಿದ್ದಾರೆ. ವಿಜಯಾ ಮೆಹ್ತಾ ಅವರು 1982ರಲ್ಲಿ ಇದನ್ನು ಆಧರಿಸಿ ಚಲನಚಿತ್ರ ನಿರ್ಮಿಸಿದರು. ಮರಾಠಿ ಬಲ್ಲ ಕನ್ನಡಿಗರು ಮೂಲವನ್ನೇ ಓದಬಹುದು. ಆಡುಮಾತಿನ ಬರಹವಾದ್ದರಿಂದ ಅದು ಕಷ್ಟವಾಗಲಾರದು. ಮನೆಯಲ್ಲಿ ಬೆಳೆದ ಹೆಣ್ಣುಮಕ್ಕಳಿದ್ದರೆ ಅವರೊಡನೆ, ಗಂಡುಮಕ್ಕಳಿದ್ದರೆ ತಪ್ಪದೆ ಅವರೊಡನೆಯೂ ಓದಬೇಕಾದ ಪುಸ್ತಕವಿದು.

ಮುಂದಿನ ಸಲ ತ್ರ್ಯಂಬಕೇಶ್ವರಕ್ಕೆ ಹೊರಟಾಗ, ನಾಸಿಕದ ಹೊರವಲಯದಲ್ಲಿ ಗೋದಾವರಿಯನ್ನು ಕಂಡಾಗ, ಅದರ ದಡದ ಆ ಮಡಿಯ ಮನೆಯನ್ನೂ ಅಲ್ಲಿ ಹುಟ್ಟಿದ ಮನಕರ್ಣಿಕೆಯನ್ನೂ ಒಂದು ಗಳಿಗೆ ನೆನೆಯೋಣ. ಮದುವೆಯ ದಿನ ಅಕ್ಕಿಯ ಮೇಲೆ ಬೇರೆಯವರು ಬರೆದ ಹೆಸರನ್ನು ಹೊತ್ತು ಹೊರಟ ಆ ಹುಡುಗಿ, ತನ್ನ ಬದುಕನ್ನು ಮಾತ್ರ ತನ್ನ ಕೈಯಿಂದಲೇ ಬರೆದಳು, ಒತ್ತಕ್ಷರದ ತಪ್ಪುಗಳ ಸಹಿತವಾಗಿ.